‘ದೌ’ ಅಂದರೆ ‘ತಾವು’ ಅಲ್ಲ, ‘ನೀನು’

ಮೊನ್ನೆ ಮಗಳು ಒಂದು ಹಳೇ ಇಂಗ್ಲಿಷ್ ಪದ್ಯದ ಅರ್ಥವನ್ನು ಕನ್ನಡದಲ್ಲಿ ಬರೆದುಕೊಂಡು ಬಂದಿದ್ದಳು. ‘ದೌ’ (thou) ಎಂದು ಇದ್ದಲ್ಲೆಲ್ಲ ‘ತಾವು’. ದುಂಡಗಿನ ಅಕ್ಷರ, ಕೆಳಗೆ ಪೆನ್ಸಿಲ್ ಗೆರೆ ಬೇರೆ. ದೊಡ್ಡವರನ್ನು ಗೌರವದಿಂದ ಕರೆಯುವ ಪದ ಅಂತ ಕ್ಲಾಸಿನಲ್ಲಿ ಹೇಳಿದ್ದಾರಂತೆ. ನನಗೂ ಹಾಗೇ ಹೇಳಿಕೊಟ್ಟಿದ್ದರು, ಎಷ್ಟೋ ವರ್ಷ ನಂಬಿಕೊಂಡಿದ್ದೆ.

ನಿಜ ತಿರುಗುಮುರುಗು. ‘ದೌ’ ಅಪ್ಪಟ ಏಕವಚನ. ಲ್ಯಾಟಿನ್ನಿನ ‘ತು’, ಸಂಸ್ಕೃತದ ‘ತ್ವಂ’, ಹಿಂದಿಯ ‘ತೂ’ ಎಲ್ಲ ಇದರ ದಾಯಾದಿಗಳು. ಒಬ್ಬನಿದ್ದರೆ ‘ದೌ’, ಹಲವರಿದ್ದರೆ ‘ಯೀ’ (ye), ಅದರ ದ್ವಿತೀಯಾ ರೂಪ ‘ಯೂ’ (you). ಅಷ್ಟೇ ಲೆಕ್ಕ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ರಿವಾಜು ನಿಧಾನವಾಗಿ ಒಳಗೆ ಬಂತು. ಒಬ್ಬರೇ ಇದ್ದರೂ ದೊಡ್ಡವರಾದರೆ ಬಹುವಚನ, ನಮ್ಮ ‘ನೀವು’ ಇದ್ದ ಹಾಗೆ. ‘ದೌ’ ಮಕ್ಕಳಿಗೆ, ಗೆಳೆಯರಿಗೆ, ಆಳುಕಾಳುಗಳಿಗೆ ಉಳಿಯಿತು. ಬೈಯುವುದಕ್ಕೂ.

1603ರಲ್ಲಿ ವಿಂಚೆಸ್ಟರ್‌ನಲ್ಲಿ ಹೆಸರಾಂತ ನಾವಿಕ, ಕವಿ ಸರ್ ವಾಲ್ಟರ್ ರ‍್ಯಾಲಿ ಮೇಲೆ ರಾಜದ್ರೋಹದ ವಿಚಾರಣೆ. ಸರ್ಕಾರಿ ವಕೀಲ ಎಡ್ವರ್ಡ್ ಕೋಕ್ ತುಂಬಿದ ಸಭೆಯಲ್ಲಿ ಅವನನ್ನು ‘ದೌ’ ಅಂದ. ಅಂದಿದ್ದಷ್ಟೇ ಅಲ್ಲ, ನಿನ್ನನ್ನು ಬೇಕಂತಲೇ ಏಕವಚನದಲ್ಲಿ ಕರೀತಿದ್ದೀನಿ ಕಣೋ ದ್ರೋಹಿ ಅಂತ ಬಾಯಿಬಿಟ್ಟೇ ಹೇಳಿದ. ಪಂಚಾಯಿತಿ ಕಟ್ಟೆಯ ಜಗಳದಲ್ಲಿ ‘ನೀವು’ ಹೋಗಿ ‘ನೀನು’ ಬಂದ ಕ್ಷಣ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಕ್ವೇಕರ್‌ಗಳು. ಅದೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ರೈಸ್ತ ಪಂಥದವರು. ಆ ಪಂಥ ಕಟ್ಟಿದ ಜಾರ್ಜ್ ಫಾಕ್ಸ್ ಮತ್ತು ಅವನ ಸಂಗಡಿಗರು ನ್ಯಾಯಾಧೀಶನಿಗೂ ‘ದೌ’, ಕೂಲಿಯವನಿಗೂ ‘ದೌ’ ಎಂದರು. ದೇವರ ಮುಂದೆ ಎಲ್ಲರೂ ಒಂದೇ ಎಂದಮೇಲೆ ನಾಲಿಗೆಯಲ್ಲಿ ಮೇಲುಕೀಳು ಯಾಕೆ ಅನ್ನುವುದು ಅವರ ಹಠ. ಅದಕ್ಕಾಗಿ ಏಟು ತಿಂದರು. ಒಂದು ಸರ್ವನಾಮಕ್ಕಾಗಿ ಪೆಟ್ಟು ತಿಂದವರ ಬಗ್ಗೆ ನನಗೆ ತುಂಬಾ ಗೌರವ.

ಹಾಗಾದರೆ ತಪ್ಪು ತಿಳಿವಳಿಕೆ ಬಂದದ್ದೆಲ್ಲಿಂದ? ಬೈಬಲ್ಲಿನಿಂದ. 1526ರಲ್ಲಿ ಟಿಂಡೇಲ್ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದಾಗ ಮೂಲದಲ್ಲಿ ಏಕವಚನ ಇದ್ದಲ್ಲಿ ‘ದೌ’ ಹಾಕಿದ. 1611ರಲ್ಲಿ ರಾಜ ಜೇಮ್ಸ್ ಮಾಡಿಸಿದ ಬೈಬಲ್ ಅನುವಾದವೂ ಅದನ್ನೇ ಹಿಡಿಯಿತು. ಅಲ್ಲಿ ದೇವರೂ ‘ದೌ’, ಸೈತಾನನೂ ‘ದೌ’. ಅದೇ ಶತಮಾನ ಮುಗಿಯುವಷ್ಟರಲ್ಲಿ ಪೇಟೆಯ ಮಾತಿನಿಂದ ಪದ ಹೆಚ್ಚುಕಡಿಮೆ ಹೊರಟೇಹೋಯಿತು, ಪ್ರಾರ್ಥನೆಯಲ್ಲಿ ಮಾತ್ರ ನಿಂತಿತು. ಮುಂದಿನವರಿಗೆ ಅದು ದೇವರಿಗೇ ಮೀಸಲಾದ ಮರ್ಯಾದೆಯ ಮಾತಾಗಿ ಕೇಳಿಸಿತು. ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆ ಹಳಬರ ಬಾಯಲ್ಲಿ ಮಾತ್ರ ‘ದಾ’ ಆಗಿ ಇನ್ನೂ ಉಸಿರಾಡುತ್ತಿದೆ.

ಇಂಗ್ಲಿಷ್ ಇದನ್ನು ಕಳೆದುಕೊಂಡದ್ದು ದೊಡ್ಡ ನಷ್ಟ ಅನ್ನುತ್ತೇನೆ. ನಾಲ್ಕು ವರ್ಷ ‘ನೀವು’ ಅನ್ನುತ್ತಿದ್ದ ಸಹೋದ್ಯೋಗಿ, ನನ್ನ ಅಪ್ಪ ತೀರಿಕೊಂಡ ದಿನ ಆಸ್ಪತ್ರೆ ಮೆಟ್ಟಿಲ ಮೇಲೆ ಟೀ ಲೋಟ ಕೈಗಿಟ್ಟು “ನೀನು ಮೊದಲು ಇದನ್ನ ಕುಡಿ” ಅಂದಳು. ಆ ‘ನೀನು’ವನ್ನು ಇವತ್ತಿನ ಇಂಗ್ಲಿಷಿನಲ್ಲಿ ಹೇಗೆ ಹೇಳಲಿ?

ಮಗಳಿಗೆ ನಮ್ಮಜ್ಜಿಯ ಕಥೆ ಹೇಳಿದೆ. ಊರಿನ ಶಾನುಭೋಗರ ಮುಂದೆ ತಲೆ ಎತ್ತದೆ ‘ತಾವು’ ಅನ್ನುತ್ತಿದ್ದವಳು, ದೀಪ ಹಚ್ಚಿ ಸೆರಗಿನಲ್ಲಿ ಕೈ ಒರೆಸಿಕೊಂಡು “ಇನ್ನು ನೀನೇ ನೋಡ್ಕೊಳಪ್ಪ” ಅನ್ನುತ್ತಿದ್ದಳು. ಮಗಳು ರಬ್ಬರ್ ತಗೊಂಡಳು. ‘ತಾವು’ ಪೆನ್ನಿನಲ್ಲಿ ಬರೆದದ್ದು, ಹೋಗಲಿಲ್ಲ. ಅದರ ಮೇಲೇ ಗೀಟು ಹಾಕಿ ಪಕ್ಕದಲ್ಲಿ ‘ನೀನು’ ಅಂತ ಬರೆದಳು.