ಹಾಳೆ ಖಾಲಿ ಬಿಟ್ಟಿದ್ದು ಗೊತ್ತಿಲ್ಲದೆ ಅಲ್ಲ

ಕಳೆದ ವಾರ ಮಗನ ಗಣಿತದ ಉತ್ತರ ಪತ್ರಿಕೆ ಮನೆಗೆ ಬಂತು. ಒಂಬತ್ತನೇ ಕ್ಲಾಸು. ಮೊದಲ ಐದು ಲೆಕ್ಕ ಪೂರ್ತಿ ಸರಿ. ಆರನೆಯದು ಅರ್ಧಕ್ಕೆ ನಿಂತಿದೆ. ಆಮೇಲೆ ಬರೀ ಬಿಳಿ ಹಾಳೆ. ಕೆಳಗೆ ಕೆಂಪು ಇಂಕಿನಲ್ಲಿ 'ತುಂಬಾ ನಿಧಾನ, ಗಮನ ಇಲ್ಲ' ಅಂತ ಬರೆದಿದ್ದರು. ಬಿಟ್ಟ ಲೆಕ್ಕಗಳನ್ನು ಅವತ್ತು ರಾತ್ರಿ ನಾನು ರೊಟ್ಟಿ ಬಡಿಯುತ್ತಿದ್ದಾಗ ಪಕ್ಕದಲ್ಲೇ ಕೂತು ಮಾಡಿದ. ಒಂದೂ ತಪ್ಪಲಿಲ್ಲ. ಪ್ರಶ್ನೆ ಓದಿ ಹೇಳಿದ್ದಷ್ಟೇ ನನ್ನ ಕೆಲಸ.

ಅವನಿಗೆ ಡಿಸ್ಲೆಕ್ಸಿಯಾ ಇದೆ, ಅಂದರೆ ಬುದ್ಧಿ ಚುರುಕಿದ್ದರೂ ಓದೋದು ಬರೆಯೋದು ಕಷ್ಟ. ಜೊತೆಗೆ ಎಡಿಎಚ್‌ಡಿ, ಗಮನ ಒಂದೇ ಕಡೆ ನಿಲ್ಲಲ್ಲ, ಸುಮ್ನೆ ಕೂರೋದು ಕಷ್ಟ. 'ರಾಷ್ಟ್ರ' ಅನ್ನೋ ಪದ ಬಂದರೆ ಬೆರಳು ಅಲ್ಲೇ ನಿಂತುಬಿಡುತ್ತದೆ. ಷ ಕೆಳಗೆ ಟ ಒತ್ತು, ಅದಕ್ಕೊಂದು ರ ಒತ್ತು. ಯಾವುದನ್ನು ಮೊದಲು ಹೇಳಬೇಕು? ತುಟಿ ಅಲ್ಲಾಡುತ್ತದೆ, ದನಿ ಬರಲ್ಲ. ನಾವು ಕಣ್ಣು ಹಾಯಿಸಿ ಮುಂದೆ ಹೋಗುವ ಸಾಲನ್ನು ಅವನು ಮೂರು ಸಲ ಓದಬೇಕು. ಅಷ್ಟರಲ್ಲಿ ಗಂಟೆ ಹೊಡೆದಿರುತ್ತದೆ.

ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಯಾರೋ ಕನಿಕರಪಟ್ಟು ಕೊಡುವುದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ ಸೇರಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಎಲ್ಲವೂ ಅದರ 17ನೇ ಸೆಕ್ಷನ್‌ನಲ್ಲೇ ಇದೆ. 2018ರ ಕೇಂದ್ರದ ಮಾರ್ಗಸೂಚಿ ಹೇಳಿದ ಲೆಕ್ಕ ಗಂಟೆಗೆ ಕಡಿಮೆ ಅಂದರೂ 20 ನಿಮಿಷ. ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಜಾಸ್ತಿ. ಎಡಿಎಚ್‌ಡಿ ಮಾತ್ರ ಕಾಯ್ದೆಯ ಪಟ್ಟಿಯಲ್ಲಿ ಹೆಸರು ಹಿಡಿದು ಇಲ್ಲ. ಅದೊಂದೇ ಇರುವ ಮಕ್ಕಳ ಪಾಡು ಇನ್ನೂ ಕಷ್ಟ.

ಶಾಲೆಯಲ್ಲಿ ಕೇಳಿದೆ. "ಎಸ್ಸೆಸ್ಸೆಲ್ಸಿಗೆ ನೋಡೋಣ ಮೇಡಂ, ಯೂನಿಟ್ ಟೆಸ್ಟಿಗೆಲ್ಲ ಯಾಕೆ?" ಅಂದರು. ನನಗೆ ತಡೆಯಲಾಗದ್ದು ಈ ಮಾತೇ. ವರ್ಷವಿಡೀ ಅರ್ಧ ಪತ್ರಿಕೆ ಬರೆದು, ದಡ್ಡ ಅನ್ನಿಸಿಕೊಂಡು, ಹತ್ತನೇ ಕ್ಲಾಸಿನ ಮಾರ್ಚ್‌ನಲ್ಲಿ ಏಕಾಏಕಿ ಒಂದು ಗಂಟೆ ಕೈಗಿಟ್ಟರೆ ಮಗು ಏನು ಮಾಡಬೇಕು? ಆ ಸಮಯವನ್ನು ಹೇಗೆ ಹಂಚಿಕೊಳ್ಳಬೇಕು ಅನ್ನೋದೂ ರೂಢಿಯಾಗಬೇಕಲ್ವಾ? ಅಷ್ಟರೊಳಗೆ 'ನಂಗೆ ಬರಲ್ಲ' ಅನ್ನೋದು ತಲೆಗೆ ಹೊಕ್ಕಿರುತ್ತದೆ. ಅದನ್ನು ಹೊರಗೆ ತೆಗೆಯೋದು ಯಾವ ಟ್ಯೂಷನ್ನಿಂದಲೂ ಆಗಲ್ಲ.

ಇನ್ನೊಂದು ವಿಷಯ. ಸುಮ್ನೆ ಸಮಯ ಜಾಸ್ತಿ ಮಾಡಿದರೆ ಇವನಂಥವರಿಗೆ ಸಾಲದು. ಬರೆದು ಮುಗಿಸಿದ ಮಕ್ಕಳು ಬೆಂಚು ಸರಿಸಿಕೊಂಡು ಎದ್ದು ಹೋಗುತ್ತಿರುತ್ತಾರೆ, ಹೊರಗೆ ವ್ಯಾನಿನ ಹಾರ್ನ್. ಅದೇ ಹಾಲ್‌ನಲ್ಲಿ ಇವನನ್ನು ಕೂರಿಸಿದರೆ ಆ ಒಂದು ಗಂಟೆ ಶಿಕ್ಷೆಯೇ. ಸಣ್ಣದೊಂದು ಕೋಣೆ, ನಡುವೆ ಐದು ನಿಮಿಷ ಓಡಾಡಲು ಬಿಡುವುದು. ಇದಕ್ಕೇನು ದುಡ್ಡು ಬೇಕು?

ಬೇರೆ ಮಕ್ಕಳಿಗೆ ಅನ್ಯಾಯ ಆಗಲ್ವಾ ಅಂತ ಒಬ್ಬ ತಾಯಿ ನನ್ನನ್ನೇ ಕೇಳಿದರು. ಉತ್ತರ ಗೊತ್ತಿಲ್ಲದವನಿಗೆ ಇಡೀ ದಿನ ಕೊಟ್ಟರೂ ಹಾಳೆ ತುಂಬಲ್ಲ ಅಕ್ಕ, ಅಂದೆ.

ಓದಿಗೆ ಹೆಸರಾದ ಊರು ನಮ್ಮ ದಾವಣಗೆರೆ. ಬೀದಿಗೊಂದು ಶಾಲೆ, ಕಾಲೇಜು ಇವೆ. ಇಂಥ ಮಕ್ಕಳು ಪ್ರತಿ ಶಾಲೆಯಲ್ಲೂ ಇರುತ್ತಾರೆ. ಎಷ್ಟೋ ಮನೆಯವರು ಅಂಗವೈಕಲ್ಯದ ಸರ್ಟಿಫಿಕೇಟ್ ಮಾಡಿಸಲ್ಲ. 'ಅಂಗವಿಕಲ' ಅನ್ನೋ ಪದಕ್ಕೆ ಹೆದರುತ್ತಾರೆ. ನಾನೂ ಎರಡು ವರ್ಷ ಹೆದರಿ ಕೂತಿದ್ದೆ. ಆ ಎರಡು ವರ್ಷ ಮಗನದ್ದು ಹೋಯಿತು.

ಸೋಮವಾರ ಅರ್ಜಿ ಬರೆದುಕೊಂಡು ಮತ್ತೆ ಶಾಲೆಗೆ ಹೋಗುತ್ತಿದ್ದೇನೆ. ಊರಲ್ಲಿ ಇದೇ ಪಾಡು ಪಡುತ್ತಿರುವ ಅಪ್ಪ ಅಮ್ಮ ಯಾರಾದರೂ ಇದ್ದರೆ ಮೆಸೇಜ್ ಮಾಡಿ. ನಿಮ್ಮ ಮಗುವಿನ ಶಾಲೆಗೆ ನಾನೂ ಜೊತೆಗೆ ಬರುತ್ತೇನೆ.