ಎಲೆಕ್ಟ್ರಿಕ್ ಕಾರಿಗೆ ಸಬ್ ವೂಫರ್ ಕೊಳ್ಳುವ ಮುಂಚೆ ಬಾಗಿಲು ಬಿಚ್ಚಿಸಿ

ಹೋದ ವಾರ ಆಫೀಸಿನ ಗೆಳೆಯರೊಬ್ಬರು ಎಲೆಕ್ಟ್ರಿಕ್ ಕಾರು ತೆಗೆದುಕೊಂಡರು. ನಾಲ್ಕನೇ ದಿನಕ್ಕೇ ನನಗೆ ಫೋನು. "ಜೆ.ಸಿ. ರೋಡಲ್ಲಿ ಒಳ್ಳೇ ಸಬ್ ವೂಫರ್ ಹಾಕಿಸ್ಬೇಕು, ಯಾವ ಅಂಗಡಿಗೆ ಹೋಗ್ಲಿ?" ನಾನು ಅಂಗಡಿ ಹೆಸರು ಹೇಳಲಿಲ್ಲ. "ತಗ್ಗಿನ ನಾದಕ್ಕೆ ಅಂತಲೇ ಇರುವ ಆ ದೊಡ್ಡ ಸ್ಪೀಕರ್ ಆಮೇಲೆ ನೋಡೋಣ, ಮೊದಲು ನಾಲ್ಕೂ ಬಾಗಿಲಿನ ಪ್ಯಾಡ್ ಬಿಚ್ಚಿಸಿ ಒಳಗೆ ತಗಡಿನ ನಡುಕ ತಗ್ಗಿಸುವ ಡ್ಯಾಂಪಿಂಗ್ ಶೀಟ್ ಅಂಟಿಸಿ" ಅಂದೆ. ಅವರಿಗೆ ಅದು ರುಚಿಸಲಿಲ್ಲ ಅನ್ನುವುದು ದನಿಯಲ್ಲೇ ಗೊತ್ತಾಯಿತು. ಶೀಟ್ ಹಾಕಿಸಿದರೆ ಯಾರಿಗೂ ತೋರಿಸಲಿಕ್ಕೆ ಏನೂ ಇರುವುದಿಲ್ಲವಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ ಅನ್ನಿಸಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ದಿನಾ ಬೆಂಗಳೂರಿನ ಪದ್ಮನಾಭನಗರದಿಂದ ಮಾರತಹಳ್ಳಿಗೆ ಹೋಗಿ ಬರುವವನು. ಸಿಲ್ಕ್ ಬೋರ್ಡಿನ ಟ್ರಾಫಿಕ್ ಹೇಗಿರುತ್ತದೋ ಅದರ ಮೇಲೆ ಎರಡು ಗಂಟೆ, ಮಳೆ ಬಂದರೆ ಮೂರು. ಇಷ್ಟು ಹೊತ್ತು ಒಬ್ಬನೇ ಕೂತು ಸಂಗೀತ ಕೇಳುವ ಅವಕಾಶ ನನಗೆ ಮನೆಯಲ್ಲೂ ಸಿಗುವುದಿಲ್ಲ. ಎಲೆಕ್ಟ್ರಿಕ್ ಕಾರು ಕೊಂಡದ್ದಕ್ಕೆ ಪೆಟ್ರೋಲ್ ಖರ್ಚು ಒಂದು ಕಾರಣವಾದರೆ, ಅದರ ನಿಶ್ಶಬ್ದ ಇನ್ನೊಂದು ಕಾರಣ. ಈ ಊರಿಗೆ ಎಲೆಕ್ಟ್ರಿಕ್ ಕಾರು ಹೊಸದೇನಲ್ಲ. 2001ರಲ್ಲೇ ರೇವಾ ಇಲ್ಲೇ ತಯಾರಾಗಿ ರಸ್ತೆಗಿಳಿದಿತ್ತು. ನಮ್ಮ ಸೋದರಮಾವನ ಹತ್ತಿರ ಒಂದಿತ್ತು. ಜಯನಗರದ ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಆಟೋದವರು ಫೋನಿನಲ್ಲಿ ಆಡುವ ಮಾತು ಪೂರ್ತಿ ಕೇಳಿಸುತ್ತಿತ್ತು. ಆ ಪುಟ್ಟ ಗಾಡಿಯಲ್ಲಿ ಕೂತಾಗಿನಿಂದ ನನಗೆ ಈ ಆಸೆ.

ಆದರೆ ಎಂಜಿನ್ ಇಲ್ಲ ಅಂದಮಾತ್ರಕ್ಕೆ ಕಾರು ನಿಶ್ಶಬ್ದವಾಗುವುದಿಲ್ಲ. ಇದು ನನಗೆ ಕೊಂಡ ಮೇಲೆ ತಿಳಿಯಿತು. ಪೆಟ್ರೋಲ್ ಕಾರಿನಲ್ಲಿ ಎಂಜಿನ್ ಸದ್ದು ಮಿಕ್ಕ ಸದ್ದುಗಳನ್ನೆಲ್ಲ ಮುಚ್ಚಿಹಾಕಿರುತ್ತದೆ. ಅದು ಹೋದ ಕೂಡಲೇ ಟೈರಿನ ಮೊರೆತ, ಕನ್ನಡಿಗೆ ಬಡಿಯುವ ಗಾಳಿ, ಡ್ಯಾಶ್‌ಬೋರ್ಡಿನ ಮೂಲೆಯ ಕಿರಕಿರ ಎಲ್ಲ ಎದ್ದು ಬರುತ್ತವೆ. ವೈಟ್ ಟಾಪಿಂಗ್ ಆದ ರಸ್ತೆಗಳಲ್ಲಂತೂ ಕಾಂಕ್ರೀಟಿನ ಮೇಲೆ ಟೈರು ಹುಯ್ಯೆನ್ನುತ್ತದೆ. ಈ ಮೊರೆತ ಹೆಚ್ಚಾಗಿ ತಗ್ಗಿನ ಸ್ಥಾಯಿಯಲ್ಲೇ ಇರುವುದರಿಂದ ಸಂಗೀತದಲ್ಲಿ ಮೊದಲು ಕೊಚ್ಚಿಹೋಗುವುದು ಅದೇ ಜಾಗದ ನಾದ. ಗಂಡು ಶ್ರುತಿಯ ತಂಬೂರಿಯಲ್ಲಿ ಮಂದ್ರ ಷಡ್ಜ ಸುಮಾರು 65ರಿಂದ 70 ಹರ್ಟ್ಸ್. ಮೃದಂಗದ ತೊಪ್ಪಿಯ, ಅಂದರೆ ಎಡಗಡೆಯ, ಗುಮ್ಕಿ ಅನ್ನುವ ತಗ್ಗಿನ ನಾದವೂ ಆ ಆಸುಪಾಸಿನದೇ. ಕಂಪನಿ ಕೊಟ್ಟ ಸ್ಪೀಕರಿನಲ್ಲಿ ನಾನು ಆರು ತಿಂಗಳು ಸಂಗೀತ ಕಚೇರಿ ಕೇಳಿದೆ. ಕೇಳಿಸಿದ್ದು ಮೃದಂಗದ ಬಲಗಡೆ ಮಾತ್ರ. ಎಡಗಡೆಯ ಪೆಟ್ಟು ಬಿದ್ದಾಗಲೆಲ್ಲ ಬಾಗಿಲಿನ ಪ್ಯಾಡು ಗರ್ ಅನ್ನುತ್ತಿತ್ತು. ಆ ಗರ್ ಅನ್ನುವುದನ್ನೇ ಎಷ್ಟೋ ಜನ ಬೇಸ್ ಅಂದುಕೊಂಡಿದ್ದಾರೆ.

ಕಂಪನಿಗಳಿಗೆ ಇದು ಗೊತ್ತಿಲ್ಲ ಅಂತೇನಲ್ಲ. ಟಾಟಾ ಕರ್ವ್ ಇವಿಯ ಮೇಲಿನ ವೇರಿಯಂಟ್‌ಗಳಲ್ಲಿ 9 ಸ್ಪೀಕರಿನ ಜೆಬಿಎಲ್ ಸೌಂಡ್ ಸಿಸ್ಟಂ ಇದೆ. ಮಹೀಂದ್ರಾ ಬಿಇ 6, ಎಕ್ಸ್‌ಇವಿ 9ಇ ಕಾರುಗಳ ಮೇಲಿನ ವೇರಿಯಂಟ್‌ನಲ್ಲಿ 16 ಸ್ಪೀಕರಿನ ಹರ್ಮನ್ ಕಾರ್ಡನ್ ಇದೆ. ಬರೀ ಸಂಗೀತಕ್ಕೋಸ್ಕರ ಮೇಲಿನ ವೇರಿಯಂಟಿಗೆ ಲಕ್ಷಗಟ್ಟಲೆ ಹೆಚ್ಚು ಕೊಡಲಾಗದವರ ಪರವಾಗಿ ನಾನು ಮಾತಾಡುತ್ತಿದ್ದೇನೆ. ನಾನೂ ಅವರಲ್ಲೊಬ್ಬ.

ಬಾಗಿಲು ಬಿಚ್ಚಿದಾಗ ನಾನು ಪಕ್ಕದಲ್ಲೇ ನಿಂತು ನೋಡಿದೆ. ಪ್ಯಾಡ್ ತೆಗೆದರೆ ಒಳಗಿರುವುದು ತೆಳ್ಳನೆ ತಗಡು, ಅದರಲ್ಲಿ ಕೈ ತೂರುವಷ್ಟು ದೊಡ್ಡ ತೂತುಗಳು, ಮೇಲೆ ಒಂದು ಪ್ಲಾಸ್ಟಿಕ್ ಹಾಳೆ. ಸ್ಪೀಕರಿನ ಕೋನ್ ಮುಂದೆ ಹೇಗೆ ಗಾಳಿಯನ್ನು ತಳ್ಳುತ್ತದೋ ಹಿಂದಕ್ಕೂ ಹಾಗೇ ತಳ್ಳುತ್ತದೆ. ಹಿಂದಿನ ಅಲೆ ಆ ತೂತುಗಳಿಂದ ನುಸುಳಿ ಮುಂದಿನ ಅಲೆಯನ್ನು ಸೇರಿದರೆ ತಗ್ಗಿನ ನಾದ ಒಂದನ್ನೊಂದು ನುಂಗಿಹಾಕುತ್ತದೆ. ಎಂಥ ದುಬಾರಿ ಸ್ಪೀಕರ್ ಕೂರಿಸಿದರೂ ಇದು ತಪ್ಪುವುದಿಲ್ಲ. ಟೆಕ್ನೀಷಿಯನ್ ಹುಡುಗ ಬೆರಳ ಗೆಣ್ಣಿನಿಂದ ತಗಡನ್ನು ತಟ್ಟಿ ತೋರಿಸಿದ. ಟಣ್ ಅಂದಿತು, ಖಾಲಿ ಡಬ್ಬದ ಹಾಗೆ. ಆಮೇಲೆ ಬ್ಯುಟೈಲ್ ರಬ್ಬರಿನ ಡ್ಯಾಂಪಿಂಗ್ ಶೀಟ್ ಕತ್ತರಿಸಿ, ಅಂಟಿಸಿ, ಸಣ್ಣ ರೋಲರಿನಿಂದ ಉಜ್ಜಿ ಉಜ್ಜಿ ಕೂರಿಸಿದ. ಹೊರ ತಗಡಿಗೆ ಒಂದು ಪದರ, ಒಳ ತಗಡಿನ ತೂತುಗಳ ಮೇಲೆ ಇನ್ನೊಂದು. "ಈಗ ತಟ್ಟಿ ಸಾರ್" ಅಂದ. ದಬ್ ಅಂದಿತು, ಮರದ ಬಾಗಿಲು ತಟ್ಟಿದ ಹಾಗೆ. ಅಷ್ಟು ಸಾಕಾಯಿತು ನನಗೆ. ಹಳೇ ಸ್ಪೀಕರನ್ನೇ ವಾಪಸ್ ಹಾಕಿಸಿ ಮನೆಗೆ ಬಂದೆ. ದಾರಿಯಲ್ಲೇ ಗೊತ್ತಾಯಿತು, ಅದೇ ಸ್ಪೀಕರಿನಲ್ಲಿ ಗುಮ್ಕಿ ಬರುತ್ತಿದೆ.

ಶೀಟ್ ಹಾಕಿಸುವವರು ಒಂದು ಕಡೆ ಮಾತ್ರ ಎಚ್ಚರ ಇಟ್ಟುಕೊಳ್ಳಬೇಕು. ಬಾಗಿಲಿನ ತಳದಲ್ಲಿ ಮಳೆನೀರು ಹರಿದುಹೋಗಲು ಸಣ್ಣ ಕಿಂಡಿಗಳಿರುತ್ತವೆ. ಅವನ್ನು ಮುಚ್ಚಿಬಿಟ್ಟರೆ ಒಂದೇ ಮಳೆಗಾಲಕ್ಕೆ ಒಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ. ಗಾಜು ಇಳಿಯುವ ದಾರಿಗೂ ಶೀಟ್ ಅಡ್ಡ ಬರಬಾರದು.

ಇನ್ನು ನನಗಾದ ಪೆಟ್ಟಿನ ಕಥೆ. ಶೀಟ್ ಆದ ಮೇಲೆ ಮುಂದಿನ ಬಾಗಿಲುಗಳಿಗೆ ತಗ್ಗಿನ ನಾದಕ್ಕೊಂದು, ಮೇಲಿನದಕ್ಕೊಂದು ಬೇರೆಯಾಗಿರುವ ಕಂಪೋನೆಂಟ್ ಸ್ಪೀಕರ್, ಸೀಟಿನ ಕೆಳಗೆ ಅವಕ್ಕೆ ಶಕ್ತಿ ಕೊಡುವ ಒಂದು ಆಂಪ್ಲಿಫೈಯರ್ (ಆಂಪ್) ಹಾಕಿಸಿದೆ. ಇದು ಬೇರೆ ಅಂಗಡಿ, ಹೆಸರು ಬೇಡ. ನಾಲ್ಕು ದಿನ ಊರಿಗೆ ಹೋಗಿ ಬಂದೆವು. ಬಂದ ದಿನ ಸಂಜೆ ಅಮ್ಮನನ್ನು ಕೆ.ಆರ್. ರಸ್ತೆಯ ಗಾಯನ ಸಮಾಜಕ್ಕೆ ಕಚೇರಿಗೆ ಕರೆದುಕೊಂಡು ಹೋಗಬೇಕಿತ್ತು. ಅವಳು ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಬೇಸ್‌ಮೆಂಟಿಗೆ ಇಳಿದು ಬಂದರೆ ಕಾರಿನ ಬಾಗಿಲೇ ತೆಗೆಯುತ್ತಿಲ್ಲ. ಕೀಯಲ್ಲಿರುವ ಲೋಹದ ಕಡ್ಡಿಯಿಂದ ತೆಗೆದರೆ ಒಳಗೆ ಪೂರ್ತಿ ಕತ್ತಲೆ, ಸ್ಕ್ರೀನೂ ಇಲ್ಲ, ದೀಪವೂ ಇಲ್ಲ. ದೊಡ್ಡ ಬ್ಯಾಟರಿಯಲ್ಲಿ 80 ಪರ್ಸೆಂಟ್ ಚಾರ್ಜ್ ಇಟ್ಟು ಹೋಗಿದ್ದೆ!

ಆಗಿದ್ದು ಇಷ್ಟು. ಎಲೆಕ್ಟ್ರಿಕ್ ಕಾರಿನಲ್ಲಿ ಓಡಿಸುವ ದೊಡ್ಡ ಬ್ಯಾಟರಿಯ ಜೊತೆ ಮಾಮೂಲಿ 12 ವೋಲ್ಟಿನ ಚಿಕ್ಕ ಬ್ಯಾಟರಿಯೂ ಒಂದಿರುತ್ತದೆ. ಕಾರನ್ನು ಎಬ್ಬಿಸುವುದು, ಲಾಕ್ ತೆಗೆಯುವುದು, ದೊಡ್ಡ ಬ್ಯಾಟರಿಯ ಸಂಪರ್ಕ ಕೂಡಿಸುವುದು ಎಲ್ಲ ಅದರ ಕೆಲಸ. ಗಾಡಿ ಎದ್ದಿರುವಾಗ ದೊಡ್ಡದು ಚಿಕ್ಕದಕ್ಕೆ ಚಾರ್ಜ್ ತುಂಬುತ್ತದೆ. ಗಾಡಿ ಮಲಗಿದಾಗ ಚಿಕ್ಕದು ಬರಿದಾದರೆ, ದೊಡ್ಡದರಲ್ಲಿ ಎಷ್ಟಿದ್ದರೂ ಎಬ್ಬಿಸುವವರಿಲ್ಲ. ಆ ಅಂಗಡಿಯವರು ಆಂಪನ್ನು ಆನ್, ಆಫ್ ಮಾಡಿಸುವ ರಿಮೋಟ್ ವೈರನ್ನು ಯಾವಾಗಲೂ ಕರೆಂಟ್ ಇರುವ ಲೈನಿಗೆ ಸೇರಿಸಿಬಿಟ್ಟಿದ್ದರು. ಹಗಲೂ ರಾತ್ರಿ ಆಂಪ್ ಎಚ್ಚರವಾಗಿಯೇ ಇದ್ದು ಚಿಕ್ಕ ಬ್ಯಾಟರಿಯನ್ನು ಹೀರಿಹಾಕಿತ್ತು. ನಾವು ಆಟೋ ಹಿಡಿದು ಹೋಗುವಷ್ಟರಲ್ಲಿ ಕಚೇರಿ ಶುರುವಾಗಿ ಮೊದಲು ಹಾಡುವ ವರ್ಣ ಮುಗಿದಿತ್ತು. ಅಮ್ಮ ಏನೂ ಅನ್ನಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು.

ಇದಕ್ಕೇ ನಾನು ಹೇಳುವುದು, ಪೆಟ್ರೋಲ್ ಕಾರುಗಳ ಅಭ್ಯಾಸದ ಕೈಗೆ ಎಲೆಕ್ಟ್ರಿಕ್ ಕಾರು ಕೊಡುವ ಮುಂಚೆ ನಾಲ್ಕು ಮಾತು ಕೇಳಿ. ವೈರ್ ಕತ್ತರಿಸುತ್ತೀರೋ, ಕಾರಿನ ಪ್ಲಗ್ಗಿಗೇ ನೇರ ಸೇರುವ ಕಪ್ಲರ್ ಹಾಕುತ್ತೀರೋ? ರಿಮೋಟ್ ವೈರ್ ಎಲ್ಲಿಂದ ತೆಗೆಯುತ್ತೀರಿ? 12 ವೋಲ್ಟ್ ಬ್ಯಾಟರಿಯಿಂದ ಬರುವ ಲೈನಿಗೆ ಬ್ಯಾಟರಿ ಹತ್ತಿರವೇ ಫ್ಯೂಸ್ ಹಾಕುತ್ತೀರಾ? ಕೇಬಲ್ ಪೂರ್ತಿ ತಾಮ್ರದ್ದೋ, ತಾಮ್ರ ಬಳಿದ ಅಲ್ಯೂಮಿನಿಯಮ್ಮೋ? ಉತ್ತರ ಕೊಡಲು ತಡವರಿಸಿದರೆ ಗಾಡಿ ತಿರುಗಿಸಿಕೊಂಡು ಬನ್ನಿ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅದು ಹೈ ವೋಲ್ಟೇಜ್, ನೂರಾರು ವೋಲ್ಟ್, ಅದರ ಹತ್ತಿರ ಯಾರ ಕೈಯೂ ಹೋಗಕೂಡದು. ಸ್ಕ್ರೀನ್ ಬದಲಾಯಿಸುವ ಯೋಚನೆಯನ್ನೂ ಬಿಡಿ. ಎಷ್ಟೋ ಕಾರುಗಳಲ್ಲಿ ಏಸಿ, ಚಾರ್ಜಿಂಗ್ ಸೆಟ್ಟಿಂಗು ಎಲ್ಲ ಅದರೊಳಗೇ ಇರುತ್ತವೆ. ಕಂಪನಿ ಸ್ಕ್ರೀನನ್ನು ಹಾಗೇ ಇಟ್ಟು, ಅದರ ಸ್ಪೀಕರ್ ಲೈನಿನಿಂದಲೇ ಸಿಗ್ನಲ್ ತೆಗೆದುಕೊಳ್ಳುವ ಆಂಪ್‌ಗಳು ಸಿಗುತ್ತವೆ. ನನ್ನ ಕಾರನ್ನು ಕೊನೆಗೆ ಸರಿಮಾಡಿಕೊಟ್ಟವರು ಶೀಟ್ ಹಾಕಿದ ಆ ಹುಡುಗರೇ. "ಕಪ್ಲರ್ ಬರೋಕೆ ಒಂದು ವಾರ ಆಗತ್ತೆ ಸಾರ್, ಆದ್ರೆ ಒಂದು ವೈರೂ ಕಟ್ ಮಾಡಲ್ಲ" ಅಂದರು. ಕಾದೆ.

ಎಲ್ಲರೂ ಕೇಳುವ ಇನ್ನೊಂದು ಪ್ರಶ್ನೆ, "ರೇಂಜ್ ಕಮ್ಮಿ ಆಗಲ್ವಾ?" ಲೆಕ್ಕ ಹಾಕಿ ನೋಡಿ. ಆಂಪ್ ಸರಾಸರಿ 60 ವ್ಯಾಟ್ ಎಳೆಯಿತು ಅಂತಿಟ್ಟುಕೊಂಡರೂ ಎರಡು ಗಂಟೆಗೆ 120 ವ್ಯಾಟ್ ಅವರ್. ನನ್ನ ಕಾರು ಒಂದು ಕಿಲೋಮೀಟರಿಗೆ ಸುಮಾರು 140 ವ್ಯಾಟ್ ಅವರ್ ತಿನ್ನುತ್ತದೆ. ಎರಡು ಗಂಟೆ ಸಂಗೀತಕ್ಕೆ ಒಂದು ಕಿಲೋಮೀಟರೂ ಹೋಗುವುದಿಲ್ಲ.

ಡಿಎಸ್‌ಪಿ, ಅಂದರೆ ಒಂದೊಂದು ಸ್ಪೀಕರಿನ ಸದ್ದನ್ನೂ ಬೇರೆಬೇರೆಯಾಗಿ ಹೊಂದಿಸುವ ಚಿಪ್, ಇರುವ ಆಂಪ್ ತೆಗೆದುಕೊಳ್ಳಿ ಅಂತ ನಾನು ಒತ್ತಿ ಹೇಳುತ್ತೇನೆ. ನಾವು ಕೂರುವುದು ಬಲಗಡೆ. ಬಲ ಬಾಗಿಲಿನ ಸ್ಪೀಕರಿಗಿಂತ ಎಡದ್ದು ಕಿವಿಗೆ ಸುಮಾರು 60 ಸೆಂಟಿಮೀಟರ್ ದೂರ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಅಂದರೆ ಎಡದ ನಾದ ಒಂದೂಮುಕ್ಕಾಲು ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಅಷ್ಟೇ ವ್ಯತ್ಯಾಸಕ್ಕೆ ಗಾಯಕರು ನಮ್ಮ ಮೊಣಕಾಲಿನ ಹತ್ತಿರ ಬಾಗಿಲಿಗೊರಗಿ ಹಾಡುತ್ತಿರುವ ಹಾಗೆ ಕೇಳಿಸುತ್ತದೆ. ಡಿಎಸ್‌ಪಿಯಲ್ಲಿ ಬಲದ ಸ್ಪೀಕರನ್ನು ಅಷ್ಟು ತಡಮಾಡಿಸಿದರೆ ದನಿ ಎದ್ದು ಬಂದು ಎದುರಿನ ಗಾಜಿನ ನಡುವೆ ಕೂರುತ್ತದೆ. ಸೆಟ್ಟಿಂಗ್ ಮಾಡಿಸಿದ ಮಾರನೇ ದಿನ ಆಕಾಶವಾಣಿಯ ಅಮೃತವರ್ಷಿಣಿ ಚಾನೆಲ್ ಹಾಕಿಕೊಂಡು ಅಮ್ಮನ ಜೊತೆ ಬಸವನಗುಡಿಗೆ ಹೊರಟಿದ್ದೆ. ಯಾರೋ ಆಲಾಪನೆ ಶುರುಮಾಡಿದ್ದರು. ಅಮ್ಮ ಕಿಟಕಿ ಕಡೆ ನೋಡುತ್ತಿದ್ದವಳು ಇತ್ತ ತಿರುಗಿ, "ಇದೇನೋ, ತಂಬೂರಿ ಕೇಳಿಸ್ತಿದೆಯಲ್ಲೋ" ಅಂದಳು. ಅವಳು ಹದಿನೈದು ವರ್ಷ ಪಾಠ ಹೇಳಿಕೊಟ್ಟವಳು. ನನ್ನ ದುಡ್ಡು ಅಲ್ಲಿಗೆ ವಸೂಲಾಯಿತು.

ನನಗೆ ಮುಖ್ಯ ಅನ್ನಿಸಿದ ಇನ್ನೊಂದು ಬದಲಾವಣೆ ಇದೆ. ಮೊದಲು ರಿಂಗ್ ರೋಡಿನಲ್ಲಿ ವಾಲ್ಯೂಮ್ 22ರಲ್ಲಿ ಇಡುತ್ತಿದ್ದೆ, ಈಗ 14 ಸಾಕು. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು, ಮುಂದೆ ಪ್ರತಿ 3 ಡೆಸಿಬಲ್ ಏರಿಕೆಗೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಕಿವಿಯ ಸುರಕ್ಷತೆಗೆ ಬಳಸುವ ಲೆಕ್ಕ. 94ಕ್ಕೆ ಹೋದರೆ ಒಂದೇ ಗಂಟೆ. ಹೊರಗಿನ ಮೊರೆತವನ್ನು ಮೀರಿಸಲು ವಾಲ್ಯೂಮ್ ಏರಿಸುತ್ತಾ ಹೋದವರು ಪ್ರತಿದಿನ ಎಲ್ಲಿಗೆ ಮುಟ್ಟುತ್ತಾರೋ ಯೋಚಿಸಿ. ಸಬ್ ವೂಫರ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಬಾಗಿಲು ಸರಿಯಾದ ಮೇಲೂ ಬೇಕು ಅನ್ನಿಸಿದರೆ ಹಾಕಿಸಿ. ನನಗೆ ಅನ್ನಿಸಲಿಲ್ಲ, ಡಿಕ್ಕಿ ಪೂರ್ತಿ ಉಳಿಯಿತು.

ಹಾಂ, ನಿಧಾನಕ್ಕೆ ಹೋಗುವಾಗ ಕಾರು ಹೊರಗೆ ಗುಂಯ್ ಅನ್ನುತ್ತದಲ್ಲ, "ಅದನ್ನ ಕಟ್ ಮಾಡಿಬಿಡ್ಲಾ ಸಾರ್" ಅಂತ ಕೆಲವು ಕಡೆ ಕೇಳುತ್ತಾರೆ. ದಯವಿಟ್ಟು ಒಪ್ಪಬೇಡಿ. ನಮ್ಮ ಬೀದಿಯಲ್ಲಿ ಕಣ್ಣು ಕಾಣದ ಹಿರಿಯರೊಬ್ಬರು ಕೋಲು ಹಿಡಿದು ಬೆಳಿಗ್ಗೆ ಹಾಲಿಗೆ ಬರುತ್ತಾರೆ. ನಾನು ಬರುತ್ತಿರುವುದು ಅವರಿಗೆ ಗೊತ್ತಾಗುವುದು ಆ ಸದ್ದಿನಿಂದಲೇ.

ನಾನು ಖರ್ಚು ಮಾಡಿದ್ದು ಶೀಟಿಗೆ 14 ಸಾವಿರ, ಸ್ಪೀಕರಿಗೆ 15, ಡಿಎಸ್‌ಪಿ ಆಂಪಿಗೆ 29, ಕಪ್ಲರ್ ಮತ್ತು ಕೂಲಿ ಬೇರೆ. ಒಂದೇ ಸಲ ಆಗದಿದ್ದರೆ ಇದೇ ಕ್ರಮದಲ್ಲಿ ಮಾಡಿ, ಮೊದಲನೆಯದಾದ ಮೇಲೆ ಒಂದು ತಿಂಗಳು ಕೇಳಿ ನೋಡಿ. ಯಾರಾದರೂ ಹಾಕಿಸುವ ಮುಂಚೆ ಒಮ್ಮೆ ಕೂತು ಕೇಳಬೇಕು ಅಂದರೆ ಇನ್‌ಬಾಕ್ಸಿಗೆ ಬರೆಯಿರಿ. ಭಾನುವಾರ ಬೆಳಿಗ್ಗೆ ಹತ್ತರವರೆಗೆ ಮನೆಯಲ್ಲೇ ಇರುತ್ತೇನೆ. ನಿಮಗೆ ಚೆನ್ನಾಗಿ ಗೊತ್ತಿರುವ ಹಾಡನ್ನೇ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬನ್ನಿ.