ಸುಮ್ನೆ ಬರಿ!

ಇವತ್ತು ಬೆಳಿಗ್ಗೆ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಹರಿಹರದ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಪಕ್ಕದಲ್ಲಿ ಒಬ್ಬ ತಾಯಿ, ನಾಲ್ಕು ವರ್ಷದ ಮಗಳು. ಮಗುವಿನ ತೊಡೆ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಕಾಪಿ ಪುಸ್ತಕ. ಐವತ್ತು ಸಲ 'ಈ' ಬರೆಯಬೇಕಂತೆ. ನಾಳೆ ಮಿಸ್ ನೋಡ್ತಾರಂತೆ. ಬಸ್ ಸ್ಟ್ಯಾಂಡಿನಲ್ಲೂ ಹೋಂವರ್ಕು!

ಅಷ್ಟರಲ್ಲಿ ಪಕ್ಕದ ಬಸ್ಸಿನ ಕಂಡಕ್ಟರ್ "ಜಗಳೂರ್, ಜಗಳೂರ್" ಅಂತ ಕೂಗಿದ. ಮಗು ಪೆನ್ಸಿಲ್ ನಿಲ್ಲಿಸಿ ತಲೆ ಎತ್ತಿತು.

"ಅಮ್ಮಾ, ಆ ಊರಲ್ಲಿ ಎಲ್ರೂ ಜಗಳ ಆಡ್ತಾರಾ?"

ನಾನು ಎದ್ದು ಕುಣಿಯೋದೊಂದು ಬಾಕಿ. ಒಂದು ಪದದ ಹೊಟ್ಟೆಯೊಳಗೆ ಇನ್ನೊಂದು ಪದ ಕೂತಿದೆ ಅನ್ನೋದನ್ನ ಆ ಮಗು ಬರೀ ಕಿವಿಯಲ್ಲೇ ಹಿಡಿದುಬಿಟ್ಟಿತ್ತು. ಓದು ಶುರುವಾಗೋದೇ ಅಲ್ಲಿ. ತಾಯಿ ಏನಂದಳು ಗೊತ್ತಾ?

"ಸುಮ್ನೆ ಬರಿ."

'ಮೇಡಂ ರಿಟೈರ್ ಆದ್ರೂ ನಲಿಕಲಿ ಬಿಡಲಿಲ್ಲ' ಅಂತ ನಗೋರು ನಗಿ. (ನಲಿಕಲಿ ಅಂದರೆ ಆಡ್ತಾ ಹಾಡ್ತಾ ಕಲಿಸೋ ಪದ್ಧತಿ.) ಮೂವತ್ತು ವರ್ಷ ಚಾಕ್‌ಪೀಸ್ ಹಿಡಿದ ಕೈ ಇದು, ಸುಮ್ಮನಿರಲ್ಲ.

ನಾನು ಮೆಲ್ಲಗೆ ಮಗುವನ್ನ ಮಾತಿಗೆಳೆದೆ. "ದಾವಣಗೆರೆಗೆ ಎಷ್ಟು ಚಪ್ಪಾಳೆ ಪುಟ್ಟಿ?" ದಾ-ವ-ಣ-ಗೆ-ರೆ. ಐದು. ತಕ್ಷಣ ಹೇಳಿತು. ಆಮೇಲೆ ಮಂಡಕ್ಕಿ. ಮಗು ಹೇಳಿದ್ದು "ಮಂ-ಡಕ್-ಕಿ". ತಾಯಿ ತಪ್ಪು ಅಂತ ಬಾಯಿ ಹಾಕೋಕೆ ಬಂದಳು. ತಪ್ಪೇನಿಲ್ಲ ಕಣವ್ವ. ಕಿವಿಗೆ ಕೇಳೋದು ಹಾಗೇ. ಬೆಣ್ಣೆ ಅನ್ನೋದು ಬಾಯಲ್ಲಿ ಬೆಣ್-ಣೆ, ಬರೆದಾಗ ಬೆ-ಣ್ಣೆ. ಬಾಯಿ ಒಂದು ಕಡೆ ಮುರಿಯುತ್ತೆ, ಬರಹ ಇನ್ನೊಂದು ಕಡೆ. ಒತ್ತಕ್ಷರ ಬಂದಾಗ ಮಕ್ಕಳು ಯಾಕೆ ತಡವರಿಸ್ತಾರೆ ಅಂತ ತಲೆ ಕೆಡಿಸಿಕೊಳ್ತೀವಲ್ಲ, ಒಂದು ಕಾರಣ ಇದು. ಮೊದಲು ಚಪ್ಪಾಳೆ ಹೊಡೆದು ಆಡಿದ ಮಗುವಿಗೆ ಆ 'ಣ್' ಕೆಳಗಿಳಿದ 'ಣ'ಗೆ ಅಂಟಿಕೊಂಡಿದೆ ಅಂತ ತೋರಿಸಿದರೆ ನಗುತ್ತಾ ಒಪ್ಪಿಕೊಳ್ಳುತ್ತೆ. ಐವತ್ತು ಸಲ 'ಣ್ಣ' ಬರೆದ ಮಗುವಿಗೆ ಅದು ಬರೀ ಚಿತ್ರ.

ಆಮೇಲೆ ನಮ್ಮ ಬಸ್ಸಿನ ಬೋರ್ಡ್ ನೋಡಿ. ಹರಿಹರ. ಇದಕ್ಕಿಂತ ಒಳ್ಳೆ ಮೊದಲ ಪಾಠ ಬೇಕಾ? ಇಡೀ ಊರಲ್ಲಿ ಇರೋದು ಎರಡೇ ವ್ಯಂಜನ, ಹ ಮತ್ತು ರ. ಒಂದು 'ರ' ತಲೆ ಮೇಲೆ ಗುಡಿಸು ಹೊತ್ತಿದೆ ಅಷ್ಟೆ. ಸಾವಿರ ರೂಪಾಯಿಯ ಫ್ಲ್ಯಾಶ್ ಕಾರ್ಡ್ ತರೋರು ಇದನ್ನ ಪುಕ್ಕಟೆ ಓದಿಸಬಹುದು. ಆದರೆ ಪುಕ್ಕಟೆ ಸಿಕ್ಕಿದ್ದಕ್ಕೆ ನಮ್ಮಲ್ಲಿ ಬೆಲೆ ಎಲ್ಲಿದೆ!

ಇದೇನು ನಾನು ಕಂಡುಹಿಡಿದಿದ್ದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ನಲಿಕಲಿ ಶುರು ಮಾಡಿದ್ದು ಇದೇ ದಾರಿಯಲ್ಲಿ. ಅಲ್ಲಿ ಅಕ್ಷರ ಕಲಿಸೋದು ಅ ಆ ಇ ಈ ಅಂತ ಅಲ್ಲ. ಮೊದಲು ರ ಗ ಸ ದ ಅ. ಈ ಐದು ಬಂದರೆ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಗರಗಸ ಓದಿದ ಮಗುವಿನ ಮುಖ ನೀವು ನೋಡಬೇಕು. ಮರ ಕಡಿದಷ್ಟೇ ಹೆಮ್ಮೆ! 49 ಅಕ್ಷರ, ಅದರ ಮೇಲೆ ಕಾಗುಣಿತ ಮುಗಿಯೋ ತನಕ ಒಂದು ಪದವನ್ನೂ ಓದದೆ ಕಾದಿರು ಅಂದರೆ ಯಾರಿಗೆ ತಡೆಯುತ್ತೆ?

ಆ ತಾಯಿ ಅಂದದ್ದೂ ಹೇಳಬೇಕಲ್ಲ. "ಮೇಡಂ, ಆಟ ಆಡ್ತಾ ಕೂತ್ರೆ ಕ್ಲಾಸಲ್ಲಿ ಹಿಂದೆ ಬೀಳ್ತಾಳೆ. ಮಿಸ್ ನನಗೇ ಬೈತಾರೆ." ಬೈಯ್ತಾರೆ, ನಿಜ. ಅವಳ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ಬರವಣಿಗೆ ಬೇಡ ಅಂತಲೂ ನಾನು ಹೇಳ್ತಿಲ್ಲ. ಆದರೆ ನಾಲ್ಕು ವರ್ಷಕ್ಕೆ? ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆ ಇರುತ್ತೆ. ಆ ವಯಸ್ಸಿಗೆ ಅವುಗಳಲ್ಲಿ ಹಲವು ಇನ್ನೂ ಗಟ್ಟಿ ಮೂಳೆ ಆಗಿರೋದೇ ಇಲ್ಲ. ಹಿಂದೆ ಬೀಳೋದಂತೆ! ಅಲ್ಲಿ ಓಟದ ಪಂದ್ಯ ನಡೀತಿದೆಯಾ?

ಕೈ ಪಳಗಬೇಕಾ, ಅಡುಗೆಮನೆಗೆ ಕರ್ಕೊಂಡು ಹೋಗಿ. ಬೇಳೆ ಆರಿಸಲಿ. ಬೆಳ್ಳುಳ್ಳಿ ಸುಲಿಯಲಿ. ಚಪಾತಿ ಹಿಟ್ಟು ಹೊಸೆದು ಸುತ್ತಿದರೆ ನಮ್ಮ ದುಂಡು ಕನ್ನಡದ ಅಕ್ಷರ ತಾನಾಗಿ ಆಗುತ್ತೆ. (ಜೋಳದ ಹಿಟ್ಟು ಕೊಡಬೇಡಿ, ಮುರಿಯುತ್ತೆ. ಆಮೇಲೆ ನನಗೆ ಬೈಬೇಡಿ.) ಕೆಲಸದ ಮಧ್ಯೆ ಒಂದು ಒಗಟು ಹಾಕಿ. ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಏನದು? ಮಲ್ಲಿಗೆ ಅಂದರೆ ಸರಿ. ಹಾಲಿನ ಅಂಗಡಿಯ ಮೊಸರು ಪಾಕೆಟ್ ಒಡೆದಿದೆ ಅಂದರೆ ಇನ್ನೂ ಸರಿ! ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯಿಸಿ, ನಾಲಿಗೆ ತೊಡರಲಿ, ಬಿದ್ದು ಬಿದ್ದು ನಗಲಿ. ಇದಕ್ಕೆಲ್ಲ ಟೈಮ್ ಇಲ್ಲ ಅನ್ನೋ ಮನೆಯಲ್ಲೇ ಮೊಬೈಲ್ ಕೈಗಿಟ್ಟು ಎರಡು ಗಂಟೆ ಕೂರಿಸೋಕೆ ಟೈಮ್ ಇರುತ್ತೆ.

ಇಷ್ಟೆಲ್ಲ ಭಾಷಣ ಬಿಗಿಯೋ ನಾನು ಸ್ವಂತ ಮಗನಿಗೆ ಏನು ಮಾಡಿದೆ ಅಂತ ನಿಮ್ಮಲ್ಲಿ ಹಳಬರಿಗೆ ಗೊತ್ತು. ಶಾಲೆಯಲ್ಲಿ ಊರ ಮಕ್ಕಳಿಗೆಲ್ಲ ಹಾಡು, ಕುಣಿತ. ಮನೆಗೆ ಬಂದರೆ ಅವನಿಗೆ ಕಾಪಿ ಪುಸ್ತಕ. ಟೀಚರ್ ಮಗ ಅಲ್ವಾ, ಅಕ್ಷರ ಮುತ್ತಿನ ಹಾಗಿರಬೇಕು! 'ಈ' ವಾಲಿತು ಅಂತ ಒಂದು ದಿನ ಸ್ಕೇಲಿನಲ್ಲಿ ಬೆರಳ ಗಂಟಿಗೆ ಹೊಡೆದಿದ್ದೆ. ಅವತ್ತು ಅವನೂ ಏನೋ ಕೇಳ್ತಿದ್ದ. ಏನು ಅಂತ ನೆನಪಿಲ್ಲ. ನಾನು ಅಂದಿದ್ದು ಮಾತ್ರ ನೆನಪಿದೆ. ಅದೇ ಎರಡು ಪದ. ಈಗ ಬೆಂಗಳೂರಲ್ಲಿದ್ದಾನೆ. ಅಕ್ಷರ ಈಗಲೂ ಮುತ್ತೇ. ಕನ್ನಡ ಪುಸ್ತಕ ಮುಟ್ಟಲ್ಲ. ನಾನು ಉದ್ದ ಮೆಸೇಜ್ ಹಾಕಿದರೆ "ಅಮ್ಮಾ, ವಾಯ್ಸ್ ಕಳಿಸು" ಅಂತಾನೆ.

ಬಸ್ ಬಂತು, ಹತ್ತಿದೆ. ಕಿಟಕಿಯಿಂದ ನೋಡಿದರೆ ಮಗು ಮತ್ತೆ ಬಗ್ಗಿ ಬರೀತಿತ್ತು.

ಸಂಜೆ ಮನೆಗೆ ಬಂದು ಒಂದು ಹಾಳೆ ತಗೊಂಡು ಎಡಗೈಯಲ್ಲಿ 'ಈ' ಬರೀತಾ ಕೂತೆ. ನಾಲ್ಕು ವರ್ಷದ ಕೈ ಹೆಂಗಿರುತ್ತೆ ನೋಡೋಣ ಅಂತ. ಹತ್ತರವರೆಗೆ ಪರವಾಗಿಲ್ಲ. ಹದಿನೈದಕ್ಕೆ ಬಾಲ ಮುರಿದ ಚೇಳಿನ ಹಾಗಾಯಿತು. ಹದಿನೇಳಕ್ಕೆ ಬೆರಳು ಸೋತು ಪೆನ್ಸಿಲ್ ಕೆಳಗಿಟ್ಟೆ.